ಒಟಿಪಿ ಶಿರಸಿಯಲ್ಲಿ, ನಾನು ಶಾರ್ಜಾದಲ್ಲಿ

2022ರ ಜುಲೈ 31, ಭಾನುವಾರ. ಶಾರ್ಜಾದಲ್ಲಿ ರಾತ್ರಿ ಒಂಬತ್ತೂವರೆ, ಊರಲ್ಲಿ ಹನ್ನೊಂದು. ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಇನ್ನೊಂದೇ ಗಂಟೆ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೇನೆ, ಪಾಸ್‌ವರ್ಡ್ ಗೊತ್ತಿಲ್ಲ. ಹೊಸದು ಮಾಡಲು ಒಟಿಪಿ ಬೇಕು. ಪೋರ್ಟಲ್‌ನಲ್ಲಿದ್ದ ಇಮೇಲ್ ಕಾರವಾರದ ಹಳೇ ಆಫೀಸಿನದು, ಅದು ಬಂದ್ ಆಗಿ ನಾಲ್ಕು ವರ್ಷ. ಇನ್ನು ಉಳಿದದ್ದು ನನ್ನ ಹಳೇ ಮೊಬೈಲ್ ನಂಬರ್. ಆ ಸಿಮ್ ಶಿರಸಿ ಹತ್ತಿರದ ನಮ್ಮ ಹಳ್ಳಿಯಲ್ಲಿ, ಆಯಿಯ ಕೀಪ್ಯಾಡ್ ಫೋನಿನೊಳಗೆ ಇತ್ತು.

ಅಪ್ಪನ ಫೋನಿನಲ್ಲಿ ನನ್ನ ಜೊತೆ ಮಾತು, ಆಯಿಯ ಫೋನಿನಲ್ಲಿ ಒಟಿಪಿ. "ತಮಾ, ಬಂತು ನೋಡು. ನಾಲ್ಕು... ಏಳು... ಇದು ಒಂದೋ ಏಳೋ, ತಡಿ, ಕನ್ನಡಕ ಎಲ್ಲಿಟ್ಟೆ..." ಅಷ್ಟರಲ್ಲಿ ಕಾಲ್ ಕಟ್ಟಾಯಿತು. ಜುಲೈ ಮಳೆ, ಸಂಜೆಯಿಂದ ಕರೆಂಟಿಲ್ಲ. ಟವರಿನ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಬ್ಯಾಣದ ತುದಿಗೆ ಹೋದರೆ ಬೇರೆ ಟವರ್ ಸಿಗುತ್ತದೆ, ಹೌದು. ಆದರೆ ರಾತ್ರಿ ಹನ್ನೊಂದಕ್ಕೆ, ಆ ಮಳೆಯಲ್ಲಿ, ಉಂಬಳ ಕಚ್ಚಿಸಿಕೊಂಡು ಎಪ್ಪತ್ತು ದಾಟಿದ ಅಪ್ಪನನ್ನು ಗುಡ್ಡ ಹತ್ತಿಸಲಾ? ಹನ್ನೆರಡಾಯಿತು. ದಿನ ಮುಗಿಯಿತು.

ಆ ವರ್ಷ ಕಲಿತದ್ದು ಇಷ್ಟು. ವಿದೇಶದಲ್ಲಿ ಇರುವವನಿಗೆ ರಿಟರ್ನ್ ತುಂಬುವುದು ಒಂದು ಸಂಜೆಯ ಕೆಲಸ. ಅದರ ಹಿಂದಿನ ಮುಕ್ಕಾಲು ಕೆಲಸವೆಲ್ಲ ರಜೆಗೆ ಊರಿಗೆ ಹೋದಾಗ ಮುಗಿದಿರಬೇಕು. ಹಾಗಾಗಿ ನನ್ನ ಪಾಲಿಗೆ ಕೊನೆಯ ದಿನಾಂಕ ಜುಲೈ 31 ಅಲ್ಲ. ಮೇ ತಿಂಗಳಲ್ಲಿ ಗೋವಾದಿಂದ ವಾಪಸ್ ವಿಮಾನ ಹತ್ತುವ ದಿನವೇ ಕೊನೆಯ ದಿನ.

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. 2018ರಲ್ಲಿ ಇಲ್ಲಿಗೆ ಬಂದೆ. ಅದಕ್ಕೂ ಮೊದಲು ಕಾರವಾರದಲ್ಲಿ ಕೆಲಸ. ಅಲ್ಲೇ ಕೊಡಿಬಾಗದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದೆ, ಈಗ ಅದು ಬಾಡಿಗೆಗಿದೆ. ಬ್ಯಾಂಕಿನಲ್ಲಿ ಒಂದಿಷ್ಟು ಎಫ್‌ಡಿ. ತೋಟದಲ್ಲಿ ನನ್ನ ಹೆಸರಿಗೂ ಒಂದು ತುಂಡು ಅಡಿಕೆ ಇದೆ. ಇಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ. ಅನಿವಾಸಿ ಆಗಿರುವವರೆಗೆ ಈ ಸಂಬಳಕ್ಕೆ ಭಾರತದಲ್ಲೂ ಇಲ್ಲ. "ಅಲ್ಲಿ ಟ್ಯಾಕ್ಸಿಲ್ಲ, ಇಲ್ಲಿ ಎಂತಕ್ಕೆ ರಿಟರ್ನ್?" ಎಂದು ಊರಲ್ಲಿ ಕೇಳದವರಿಲ್ಲ. ಎರಡು ವರ್ಷ ನಾನೂ ಹಾಗೇ ಅಂದುಕೊಂಡು ಸುಮ್ನಿದ್ದೆ. ಆದರೆ ಕೊಡಿಬಾಗದ ಮನೆ ಶಾರ್ಜಾದಲ್ಲಿ ಇಲ್ಲವಲ್ಲ. ಭಾರತದಲ್ಲಿ ಹುಟ್ಟುವ ಬಾಡಿಗೆ, ಬಡ್ಡಿಗೆ ಭಾರತದಲ್ಲೇ ಲೆಕ್ಕ ಕೊಡಬೇಕು.

ಕಣ್ಣು ತೆರೆಸಿದ್ದು ಬ್ಯಾಂಕು. ವಿದೇಶಕ್ಕೆ ಬಂದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆ, ಅಂದರೆ ಭಾರತದ ಆದಾಯ ಇಡುವ ಅನಿವಾಸಿ ಖಾತೆ ಮಾಡಿಸಬೇಕು, ಅದು ನಿಯಮ. ಮಾಡಿಸಿದೆ. ಅಲ್ಲಿವರೆಗೆ ಎಫ್‌ಡಿ ಬಡ್ಡಿಯಿಂದ 10 ಪರ್ಸೆಂಟ್ ಟಿಡಿಎಸ್ (ಕೊಡುವವರೇ ಮೊದಲೇ ಕಡಿಯುವ ತೆರಿಗೆ) ಹೋಗುತ್ತಿತ್ತು. ಆಮೇಲೆ ಒಮ್ಮೆಲೇ 31.2 ಪರ್ಸೆಂಟ್! 2021-22ರಲ್ಲಿ ಬಡ್ಡಿ ಬಂದದ್ದು 1,80,000 ರೂಪಾಯಿ, ಅದರಲ್ಲಿ ಕಡಿದದ್ದು 56,160. ಅದೇ ವರ್ಷ ಬಾಡಿಗೆ ತಿಂಗಳಿಗೆ 12,000ದಂತೆ 1,44,000. ನಗರಸಭೆಗೆ ಕಟ್ಟಿದ ಮನೆ ತೆರಿಗೆ 4,000 ಕಳೆದರೆ 1,40,000. ಅದರಲ್ಲಿ 30 ಪರ್ಸೆಂಟ್ ಯಾವ ಬಿಲ್ಲೂ ತೋರಿಸದೆ ಕಳೆಯಬಹುದು, ಉಳಿದದ್ದು 98,000. ಬಡ್ಡಿಯೂ ಸೇರಿ 2,78,000. ಹಳೇ ತೆರಿಗೆ ಪದ್ಧತಿಯಲ್ಲಿ ಎರಡೂವರೆ ಲಕ್ಷದವರೆಗೆ ತೆರಿಗೆ ಇಲ್ಲ. ಮೇಲಿನ 28,000ಕ್ಕೆ 5 ಪರ್ಸೆಂಟ್, ಸೆಸ್ ಸೇರಿ 1,456 ರೂಪಾಯಿ. ಅಂದರೆ ನನ್ನ ತೆರಿಗೆ ಒಂದೂವರೆ ಸಾವಿರವೂ ಇಲ್ಲ, ಸರ್ಕಾರದ ಹತ್ತಿರ ಹೋದದ್ದು ಐವತ್ತಾರು ಸಾವಿರ. ವಾಪಸ್ ಬೇಕೆಂದರೆ ರಿಟರ್ನ್ ತುಂಬುವುದು ಬಿಟ್ಟು ಬೇರೆ ದಾರಿ ಇಲ್ಲ.

ಅದಕ್ಕೂ ಹಿಂದೆ ಪರಿಚಯದವರೊಬ್ಬರು ನನ್ನ ರಿಟರ್ನ್ ತುಂಬಿಕೊಟ್ಟಿದ್ದರು. ಐಟಿಆರ್-1 ಎಂಬ ಫಾರ್ಮಿನಲ್ಲಿ, ನಿವಾಸಿ ಅಂತ. ನಾನು ಹೊರಗಿದ್ದೇನೆಂದು ಅವರಿಗೆ ಸರಿಯಾಗಿ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಪಾಸ್‌ವರ್ಡ್ ಅವರ ಹತ್ತಿರವೇ ಉಳಿಯಿತು. ಐಟಿಆರ್-1 ಮತ್ತು 4 ಅನಿವಾಸಿಗಳಿಗೆ ಇಲ್ಲವೇ ಇಲ್ಲ. ನನ್ನಂಥವನಿಗೆ ಐಟಿಆರ್-2, ವ್ಯಾಪಾರ ಇದ್ದವರಿಗೆ 3.

ಇನ್ನು ಆ ಜುಲೈ 31ರ ನಂತರದ ಕಥೆ. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಮಳೆ ಹೊಳವಾಯಿತು. ಅಣ್ಣನ ಮಗ ಆಯಿಯ ಫೋನಿನ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿದ. ಹದಿನೈದೇ ನಿಮಿಷ ಬದುಕುವ ಒಟಿಪಿಗೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಒಳಗೆ ಹೋದೆ, ತುಂಬಿದೆ, ಸಲ್ಲಿಸಿದೆ. ತಡವಾದದ್ದಕ್ಕೆ ಫೀ 1,000. ಆದಾಯ ಐದು ಲಕ್ಷ ದಾಟಿದ್ದರೆ ಅದು 5,000. ಇನ್ನೊಂದು ನಷ್ಟ ಯಾರಿಗೂ ಕಾಣುವುದಿಲ್ಲ. ಸರಿಯಾದ ಹೊತ್ತಿಗೆ ತುಂಬಿದರೆ ರಿಫಂಡಿಗೆ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸಿಗುತ್ತದೆ. ತಡವಾದರೆ ತುಂಬಿದ ದಿನದಿಂದ ಮಾತ್ರ. ನನಗೆ ಅಲ್ಲೂ ಸಾವಿರದ ಚಿಲ್ಲರೆ ಹೋಯಿತು.

ಸಲ್ಲಿಸಿದರೆ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ವೆರಿಫೈ ಮಾಡದಿದ್ದರೆ ಆ ರಿಟರ್ನ್ ಇದ್ದೂ ಇಲ್ಲದ ಹಾಗೆ. ಅದಕ್ಕೆ ಮೊದಲಿದ್ದ 120 ದಿನದ ಗಡುವನ್ನು ಸರಿಯಾಗಿ 2022ರ ಆಗಸ್ಟ್ 1ರಿಂದ 30ಕ್ಕೆ ಇಳಿಸಿದ್ದರು. ಒಂದೇ ದಿನ ತಡವಾಗಿ ಹೊಸ ನಿಯಮಕ್ಕೆ ಬಿದ್ದೆ! ಆಧಾರ್ ಒಟಿಪಿ ಒತ್ತಿದರೆ ಅದು ಹೋಗುವುದು ಇನ್ನೂ ಹಳೆಯ, ಯಾವತ್ತೋ ಸತ್ತ ಒಂದು ನಂಬರಿಗೆ. ನೆಟ್ ಬ್ಯಾಂಕಿಂಗ್‌ಗೂ ಅದೇ ಗತಿ. ಕಡೆಗೆ ಐಟಿಆರ್-ವಿ ಎಂಬ ಒಂದು ಪುಟದ ಕಾಗದ ಪ್ರಿಂಟ್ ತೆಗೆದು ನೀಲಿ ಇಂಕಿನಲ್ಲಿ ಸಹಿ ಹಾಕಿದೆ. ಪಕ್ಕದ ಫ್ಲಾಟಿನ ಅಂಕೋಲೆಯವರು ರಜೆಗೆ ಹೊರಟಿದ್ದರು. ಅವರ ಬ್ಯಾಗಿನಲ್ಲಿ ಖರ್ಜೂರದ ಪೊಟ್ಟಣಗಳ ನಡುವೆ ನನ್ನ ಲಕೋಟೆಯೂ ಸೇರಿತು. ಮುದುಡಬಾರದು ಅಂತ ಒಂದು ರಟ್ಟು ಒಳಗಿಟ್ಟಿದ್ದೆ. ಕಾರವಾರದ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್, ಆದಾಯ ತೆರಿಗೆ ಇಲಾಖೆಯ ವಿಳಾಸ ಬೆಂಗಳೂರು 560500ಕ್ಕೆ. ಅವರು ರಸೀದಿಯ ಫೋಟೋ ಕಳಿಸಿದ ದಿನ ನೆಮ್ಮದಿಯಿಂದ ಊಟ ಮಾಡಿದೆ. ಫೀ ಕಳೆದು 53,704 ರಿಫಂಡು ಬಂತು.

ಮರುವರ್ಷ ಮೇನಲ್ಲಿ ಊರಿಗೆ ಹೋದವನು ಮೊದಲ ವಾರವೇ ಆಧಾರ್ ಕೇಂದ್ರದಲ್ಲಿ ಕೂತೆ. ಆಗ ಮೊಬೈಲ್ ನಂಬರ್ ಬದಲಿಸಲು ಖುದ್ದು ಹೋಗಿ ಬೆರಳು ಒತ್ತಲೇಬೇಕಿತ್ತು, ಶಾರ್ಜಾದಿಂದ ಆಗುವ ಕೆಲಸ ಆಗಿರಲಿಲ್ಲ. ವಿದೇಶಿ ನಂಬರನ್ನು ಆಧಾರ್ ಒಪ್ಪುತ್ತಿರಲಿಲ್ಲ. ಹಾಗಾಗಿ ಹೊಸ ಭಾರತದ ಸಿಮ್ ತೆಗೆದುಕೊಂಡು, ಅಲ್ಲಿಂದ ಹೊರಡುವ ಮೊದಲೇ ಅಂತಾರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿದೆ. ಈಗ ಅದು ನನ್ನ ಫೋನಿನ ಎರಡನೇ ಜಾಗದಲ್ಲಿದೆ. ಕಾಲ್ ಎತ್ತಿದರೆ ದುಡ್ಡು, ಬರುವ ಮೆಸೇಜಿಗೆ ಇಲ್ಲ. ರೀಚಾರ್ಜ್ ಮಾಡುತ್ತಾ ಇರಬೇಕು, ಅದೊಂದು. ಸುಮ್ನೆ ಬಿಟ್ಟರೆ ನಂಬರ್ ಕಂಪನಿಯವರು ವಾಪಸ್ ತೆಗೆದುಕೊಂಡು ಬೇರೆಯವರಿಗೆ ಕೊಡುತ್ತಾರೆ. ಆಮೇಲೆ ನಿಮ್ಮ ಒಟಿಪಿ ಯಾರದ್ದೋ ಜೇಬಿಗೆ.

ಬ್ಯಾಂಕಿನಲ್ಲೂ ಅದೇ ನಂಬರ್ ಕೊಟ್ಟೆ. ಪೋರ್ಟಲ್‌ನಲ್ಲಿ ಸ್ವಂತ ಇಮೇಲ್ ಹಾಕಿದೆ. ರಿಫಂಡ್ ಬರಬೇಕಾದ ಎನ್‌ಆರ್‌ಒ ಖಾತೆಯನ್ನು ಮೊದಲೇ ವ್ಯಾಲಿಡೇಟ್ ಮಾಡಿಟ್ಟೆ. ಬ್ಯಾಂಕಿನ ಹೆಸರಿಗೂ ಪ್ಯಾನಿನ ಹೆಸರಿಗೂ ಹೊಂದಾಣಿಕೆ ಇರಬೇಕು. ನಮ್ಮ ಕಡೆ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಸಿ ಒಂದೊಂದು ಕಡೆ ಒಂದೊಂದು ಥರ ಬರೆಸಿರುತ್ತೇವೆ, ಅಲ್ವಾ? ನನ್ನದರಲ್ಲಿ 'ಭಟ್' ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಇತ್ತು. ಅದನ್ನು ಸರಿ ಮಾಡಿಸಲಿಕ್ಕೇ ಎರಡು ದಿನ.

ಪಾಸ್‌ಪೋರ್ಟಿನ ಸೀಲುಗಳನ್ನು ನೋಡಿ ದಿನ ಎಣಿಸುವ ಅಭ್ಯಾಸವೂ ಅಲ್ಲಿಂದ ಶುರುವಾಯಿತು. ಆಯಾ ಆರ್ಥಿಕ ವರ್ಷದಲ್ಲಿ ಊರಲ್ಲಿ ಎಷ್ಟು ದಿನ ಇದ್ದೆ, ಹಿಂದಿನ ನಾಲ್ಕು ವರ್ಷದಲ್ಲಿ ಎಷ್ಟು ಎಂದು ಫಾರ್ಮಿನಲ್ಲಿ ಬರೆಯಬೇಕು. ನನ್ನಂಥವರಿಗೆ 182 ದಿನದ ಒಳಗಿದ್ದರೆ ತೊಂದರೆ ಇಲ್ಲ. ಭಾರತದ ಆದಾಯ 15 ಲಕ್ಷ ದಾಟಿದವರಿಗೆ ಬೇರೆ ಬಿಗಿ ನಿಯಮ ಇದೆ, ಅವರು ಒಳ್ಳೇ ಆಡಿಟರ್ ಹಿಡಿಯುವುದೇ ಸರಿ. ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಹಾಗೆ ಆಯಿ ನಾನು ಬಂದ ದಿನ, ಹೋದ ದಿನ ಗೀಟು ಹಾಕಿರುತ್ತಾಳೆ. ಸೀಲು ಮಸುಕಾಗಿದ್ದ ಒಂದು ವರ್ಷ ಆ ಕ್ಯಾಲೆಂಡರೇ ನೆರವಾಯಿತು. ಇಲ್ಲಿನ ತೆರಿಗೆ ಗುರುತಿನ ನಂಬರ್ ಕೇಳುವ ಜಾಗದಲ್ಲಿ, ನನಗೆ ಅದು ಇಲ್ಲವಾದ್ದರಿಂದ, ಪಾಸ್‌ಪೋರ್ಟ್ ನಂಬರ್ ಬರೆಯುತ್ತೇನೆ.

ಏಪ್ರಿಲ್‌ನಲ್ಲೇ ಕೂತು ತುಂಬುವ ಉತ್ಸಾಹ ಬೇಡ. ಬ್ಯಾಂಕಿನವರು ಕೊನೆಯ ಮೂರು ತಿಂಗಳ ಟಿಡಿಎಸ್ ಲೆಕ್ಕ ಕೊಡಲು ಮೇ 31ರವರೆಗೆ ಸಮಯ ಇರುತ್ತದೆ. ಅದು ಪೋರ್ಟಲ್‌ನ ತೆರಿಗೆ ಲೆಕ್ಕದ ಪಟ್ಟಿಗಳಾದ 26ಎಎಸ್‌ನಲ್ಲಿ, ಎಐಎಸ್‌ನಲ್ಲಿ ಕಾಣಲು ಜೂನ್ ಮಧ್ಯವಾಗುತ್ತದೆ. ನಾನು ಜೂನ್ ಮೂರನೇ ವಾರ ಎರಡನ್ನೂ ಇಳಿಸಿಕೊಂಡು ಬ್ಯಾಂಕಿನ ಕಾಗದದ ಜೊತೆ ತಾಳೆ ನೋಡುತ್ತೇನೆ. ಎನ್‌ಆರ್‌ಇ (ವಿದೇಶದ ದುಡಿಮೆ ಹಾಕುವ) ಖಾತೆಯ ಬಡ್ಡಿಗೆ ತೆರಿಗೆ ಇಲ್ಲ, ಆದರೂ ವಿನಾಯಿತಿ ಆದಾಯದ ಪಟ್ಟಿಯಲ್ಲಿ ಬರೆಯುತ್ತೇನೆ. ಅಡಿಕೆಯದ್ದೂ ಅಲ್ಲೇ. ಕೃಷಿ ಆದಾಯ ಅಂತ ಬಿಟ್ಟುಬಿಡುವವರು ಜಾಸ್ತಿ. ತೆರಿಗೆ ಇಲ್ಲ, ನಿಜ. ಆದರೆ ಉಳಿದ ಆದಾಯ ವಿನಾಯಿತಿ ಮಿತಿ ದಾಟಿ, ಕೃಷಿಯದ್ದು 5,000 ದಾಟಿದರೆ ದರ ಲೆಕ್ಕಕ್ಕೆ ಅದನ್ನೂ ಸೇರಿಸುತ್ತಾರೆ. ನನ್ನ ತುಂಡು ತೋಟದಲ್ಲಿ ಕೊಳೆ ಬಂದ ವರ್ಷ ಔಷಧಿ ಹೊಡೆಸಿದ ಖರ್ಚು, ಅಡಿಕೆ ಕೊಯ್ಯುವ ಕೊನೆಗೌಡನ ಕೂಲಿ ಕಳೆದರೆ ಉಳಿಯುವುದು ಅಷ್ಟರಲ್ಲೇ ಇದೆ. ಸೊಸೈಟಿಯ ಪಟ್ಟಿ ಮತ್ತು ಖರ್ಚಿನ ಚೀಟಿ ಒಂದು ಕವರಿನಲ್ಲಿ ಹಾಕಿಡಲು ಅಪ್ಪನಿಗೆ ಹೇಳಿದ್ದೇನೆ.

ಮನೆ ತೆರಿಗೆ ರಸೀದಿಯೂ ಅದೇ ಕವರಿಗೆ. ಇದನ್ನು ಕಟ್ಟಿದ ವರ್ಷಕ್ಕೆ ಮಾತ್ರ ಕಳೆಯಬಹುದು, ಕಟ್ಟುವುದು ಬಾಕಿ ಇದ್ದರೆ ಇಲ್ಲ. ಏಪ್ರಿಲ್ ಒಳಗೆ ಕಟ್ಟಿದರೆ ನಗರಸಭೆಯಲ್ಲಿ 5 ಪರ್ಸೆಂಟ್ ರಿಯಾಯಿತಿಯೂ ಇದೆ.

ನೆಂಟರ ಮಾತು ಒಂದು ಹೇಳಬೇಕು. "ಈಗ ಹನ್ನೆರಡು ಲಕ್ಷದವರೆಗೆ ಟ್ಯಾಕ್ಸೇ ಇಲ್ಲವಲ್ಲೋ!" ಅದು ರಿಬೇಟಿನಿಂದ, ಅಂದರೆ ತೆರಿಗೆ ಮನ್ನಾದಿಂದ ಆಗುವುದು. ಆ ರಿಬೇಟು ನಿವಾಸಿಗಳಿಗೆ ಮಾತ್ರ. 2025-26ರ ಹೊಸ ಪದ್ಧತಿಯಲ್ಲಿ ನಮಗೆ ತೆರಿಗೆ ಇಲ್ಲದಿರುವುದು 4 ಲಕ್ಷದವರೆಗೆ, ಅಲ್ಲಿಂದ ಮುಂದೆ ಕಟ್ಟಲೇಬೇಕು. ಈಗ ಹಳೇ ಪದ್ಧತಿ ಬೇಕಿದ್ದರೆ ಅದನ್ನು ಕೊನೆಯ ದಿನಾಂಕದೊಳಗೆ ತುಂಬಿದ ರಿಟರ್ನಿನಲ್ಲೇ ಹೇಳಬೇಕು. ತಡವಾಗಿ ತುಂಬಿದವನಿಗೆ ಆಯ್ಕೆ ಇಲ್ಲ.

ಒಮ್ಮೆಯೂ ರಿಟರ್ನ್ ತುಂಬದೆ ಕೂತಿದ್ದ ಹೊನ್ನಾವರದ ಗೆಳೆಯನ ಪ್ಯಾನ್, ಆಧಾರ್ ಜೋಡಿಸಿಲ್ಲ ಅಂತ, 2023ರ ಜುಲೈನಲ್ಲಿ ನಿಷ್ಕ್ರಿಯವಾಯಿತು. ಅನಿವಾಸಿಗಳು ಆಧಾರ್ ಜೋಡಿಸಬೇಕೆಂದಿಲ್ಲ. ಆದರೆ ಇವನು ಅನಿವಾಸಿ ಎಂದು ಇಲಾಖೆಗೆ ಗೊತ್ತಾಗುವುದಾದರೂ ಹೇಗೆ? ಪಾಸ್‌ಪೋರ್ಟ್ ಪ್ರತಿ ಇಟ್ಟು ತನ್ನ ವ್ಯಾಪ್ತಿಯ ಅಧಿಕಾರಿಗೆ ಬರೆದು ಸರಿ ಮಾಡಿಸಿಕೊಂಡ. ಅನಿವಾಸಿ ಅಂತ ರಿಟರ್ನ್ ತುಂಬಿದ್ದ ನನಗೆ ಆ ತಾಪತ್ರಯ ಬರಲಿಲ್ಲ.

2025ರಲ್ಲಿ ಫಾರ್ಮೇ ತಡವಾಗಿ ಬಂತು. ಐಟಿಆರ್-2 ತುಂಬಲು ಸಿಕ್ಕಿದ್ದು ಜುಲೈ ನಡುವಿಗೆ, ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದರು. "ಚೌತಿ ಮುಗಿಸಿ ನೋಡುವಾ" ಎಂದ ಹೊನ್ನಾವರದವನು ಕೊನೆಯ ದಿನ ತಿರುಗುವ ಚಕ್ರ ನೋಡುತ್ತಾ ಕೂತ. ಪುಣ್ಯಕ್ಕೆ ಇನ್ನೊಂದು ದಿನ ಕೊಟ್ಟರು. ನಾನು ಜುಲೈ ಕೊನೆಗೇ ತುಂಬಿದ್ದೆ. ಆಧಾರ್ ಒಟಿಪಿ ಶಾರ್ಜಾದ ನನ್ನ ಫೋನಿಗೇ ಬಂತು, ಐದು ನಿಮಿಷದಲ್ಲಿ ವೆರಿಫೈ.

ನನಗೆ ಈಗಲೂ ತಲೆನೋವು ಬಾಡಿಗೆಯೇ. ಅನಿವಾಸಿಗೆ ಬಾಡಿಗೆ ಕೊಡುವವರು ಅದರಿಂದಲೂ 31.2 ಪರ್ಸೆಂಟ್ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಇಷ್ಟಕ್ಕಿಂತ ಕಮ್ಮಿ ಇದ್ದರೆ ಬೇಡ ಎನ್ನುವ ಮಿತಿ ಇಲ್ಲ. 12,000ಕ್ಕೆ 3,744. ಅದಕ್ಕೆ ಅವರು ಟ್ಯಾನ್ ನಂಬರ್ (ತೆರಿಗೆ ಕಡಿದು ಕಟ್ಟುವವರ ಗುರುತಿನ ನಂಬರ್) ತೆಗೆದುಕೊಂಡು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಮೊದಲಿನ ಬಾಡಿಗೆದಾರರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳಿದರೆ ಅವರು ನನ್ನನ್ನು ನೋಡಿದ ನೋಟ ಬೇರೆ. ಕಡಿತದ ದರ ಇಳಿಸಿಕೊಳ್ಳಲು ಇಲಾಖೆಯಿಂದ ಸರ್ಟಿಫಿಕೇಟ್ ತರುವ ದಾರಿಯೂ ಇದೆ, ನಾನಿನ್ನೂ ಅದಕ್ಕೆ ಕೈಹಾಕಿಲ್ಲ. ಕಳೆದ ಮೇನಲ್ಲಿ ಹೊಸಬರು ಬಂದರು. ಕೀಲಿ ಕೊಡುವ ಮೊದಲೇ ಕೊಡಿಬಾಗದ ಆ ಮನೆಯ ಜಗಲಿಯಲ್ಲಿ ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಟ್ಯಾನಿನ ಖರ್ಚು, ಲೆಕ್ಕ ಬರೆಯುವವರ ಫೀ ನನ್ನದು ಎಂದೆ. ಅಡ್ವಾನ್ಸಿನ ಮೇಲೆ ಅರ್ಧ ಗಂಟೆ ಚೌಕಾಸಿ ಮಾಡಿದರು. ಟ್ಯಾನಿಗೆ ಒಂದೇ ಮಾತಿನಲ್ಲಿ ಹೂಂ ಎಂದರು.