ಬಿಳಿ ಕಲ್ಲೆಲ್ಲ ಬೆಣಚುಕಲ್ಲಲ್ಲ

"ಆಸಿಡ್ ಹಾಕು, ನೊರೆ ಬಂದರೆ ಸುಣ್ಣಕಲ್ಲು, ಬರದಿದ್ದರೆ ಬೆಣಚುಕಲ್ಲು, ಮುಗೀತು" ಅಂತ ನಮ್ಮ ಕಡೆ ಕಲ್ಲು ಆಯುವವರೆಲ್ಲ ಹೇಳುತ್ತಿದ್ದರು. ಮೈಸೂರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ದೊಡ್ಡಕಾನ್ಯದ ಕಡೆ ಮ್ಯಾಗ್ನೆಸೈಟ್ ಅನ್ನುವ ಮೆಗ್ನೀಷಿಯಂ ಖನಿಜ ಸಿಗುತ್ತದಲ್ವಾ, ಅದೂ ಬಿಳಿ, ತಣ್ಣನೆ ಆಸಿಡ್‌ಗೆ ಜಪ್ಪಯ್ಯ ಅನ್ನುವುದಿಲ್ಲ. ಪುಡಿ ಮಾಡಬೇಕು, ಇಲ್ಲವೇ ಆಸಿಡ್ ಬೆಚ್ಚಗಿರಬೇಕು. ಆಸಿಡ್, ಗ್ಲೌಸ್ ಎಲ್ಲ ಸೇರಿ ಐನೂರರ ಹತ್ತಿರ ಸುಮ್ನೆ ಹೋಯಿತು.

ಆಮೇಲೆ ಗುಜರಿ ಅಂಗಡಿಯಿಂದ ಕಿಟಕಿ ಗಾಜಿನ ತುಂಡು ತಂದೆ. ಹತ್ತು ರೂಪಾಯಿ. ಒಂದರಿಂದ ಹತ್ತರವರೆಗಿನ ಗಡಸುತನದ ಅಳತೆಯಲ್ಲಿ ಬೆಣಚು 7, ಗಾಜು 5.5ರ ಆಸುಪಾಸು, ಮ್ಯಾಗ್ನೆಸೈಟ್ 4. ಕಲ್ಲಿನ ಮೂಲೆಯಿಂದ ಗಾಜನ್ನು ಒತ್ತಿ ಗೀಚಿ, ಬೆರಳಿನಿಂದ ಒರೆಸಿ, ಉಗುರು ಆಡಿಸಿ ನೋಡಿ. ಉಗುರಿಗೆ ಗೀರು ತಗುಲಿದರೆ ಕಲ್ಲು ಗಾಜನ್ನು ಕುಯ್ದಿದೆ. ಒರೆಸಿದಾಗ ಬಿಳಿ ಗೆರೆ ಮಾಯವಾದರೆ ಸವೆದಿದ್ದು ಕಲ್ಲೇ.

ಇಷ್ಟಕ್ಕೇ ಮುಗಿಯಲಿಲ್ಲ. ಫೆಲ್ಡ್‌ಸ್ಪಾರ್ ಅನ್ನುವ, ಬಂಡೆಗಳಲ್ಲಿ ಬೆಣಚಿನ ಜೊತೆಗೇ ಇರುವ ಖನಿಜದ ಗಡಸುತನ 6, ಅದೂ ಗಾಜು ಗೀಚುತ್ತದೆ. ಅದಕ್ಕೇ ಅನುಮಾನ ಬಂದದ್ದನ್ನು ಒಡೆದು (ಕಣ್ಣಿಗೆ ಕನ್ನಡಕ ಇರಲಿ), ಒಡೆದ ಮೈಯನ್ನು ಬಿಸಿಲಿಗೆ ಹಿಡಿದು ನಿಧಾನಕ್ಕೆ ತಿರುಗಿಸುತ್ತೇನೆ. ಫೆಲ್ಡ್‌ಸ್ಪಾರ್ ಆದರೆ ಯಾವುದೋ ಒಂದು ಕೋನದಲ್ಲಿ ಚಪ್ಪಟೆ ಮುಖವೊಂದು ಪಳ್ ಅಂತ ಮಿಂಚುತ್ತದೆ. ಬೆಣಚಿಗೆ ಆ ಚಪ್ಪಟೆ ಮುಖವೇ ಇಲ್ಲ, ಸೋಡಾ ಬಾಟಲಿಯ ತಳ ಒಡೆದ ಹಾಗೆ ಬಾಗಿ ಒಡೆದಿರುತ್ತದೆ.

ಮಂಡ್ಯದ ಕೆಂಪು ಹೊಲಗಳಲ್ಲಿ ಉತ್ತಾಗೆಲ್ಲ ಬೆಣಚು ಮೇಲೆ ಬರುವುದಕ್ಕೂ ಈ ಎರಡರ ವ್ಯತ್ಯಾಸವೇ ಕಾರಣ. ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ, ಬೆಣಚು ಉಳಿಯುತ್ತದೆ. ಹೊಲದ್ದು ಚೂಪು, ಶ್ರೀರಂಗಪಟ್ಟಣದ ಹೊಳೆಯದ್ದು ಗುಂಡಗೆ.

"ಗಾಜಿನ ಚೂರಲ್ಲಿ ಏನಯ್ಯಾ ಗೊತ್ತಾಗುತ್ತೆ" ಎಂದು ನಕ್ಕ ಹಿರಿಯರೊಬ್ಬರು ಅರ್ಧ ಚೀಲ ಬಿಳಿ ಕಲ್ಲು ತಂದು ಸುರಿದರು. ಕಾಫಿ ಬರುವಷ್ಟರಲ್ಲಿ ಮೂರು ಗುಡ್ಡೆ ಮಾಡಿಟ್ಟೆ. ನಂಬದೆ ನಾನು ಮ್ಯಾಗ್ನೆಸೈಟ್ ಅಂದದ್ದನ್ನೇ ಕುಟ್ಟಿ ಪುಡಿ ಮಾಡಿ ಬೆಚ್ಚನೆ ಆಸಿಡ್ ಹಾಕಿಸಿದರು. ನೊರೆ ಬಂತು. ಮಾತು ನಿಂತಿತು.

ನಡುವೆ ಇನ್ನೊಂದು ಆಟವೂ ಆಡಿದೆ. ಕತ್ತಲೆ ಕೋಣೆಯಲ್ಲಿ ಎರಡು ಬೆಣಚನ್ನು ಜೋರಾಗಿ ಉಜ್ಜಿದರೆ ಒಳಗಿನಿಂದ ಬೆಳಕು ಬರುತ್ತದೆ, ಜೊತೆಗೆ ಸುಟ್ಟ ವಾಸನೆ. ಬಕೆಟ್ ನೀರಿನೊಳಗೆ ಉಜ್ಜಿದರೂ ಬೆಳಗುತ್ತದೆ, ಹಾಗಾಗಿ ಬರೀ ಕಿಡಿಯಲ್ಲ.

ಬೆಣಚಿನ ಮೇಲಿನ ಕೆಂಪು ಕಲೆ ತುಕ್ಕಿನದ್ದು. ಸೋಪು, ಬ್ಲೀಚಿಂಗ್ ಪೌಡರ್ ಯಾವುದಕ್ಕೂ ಹೋಗಲಿಲ್ಲ. ಆಕ್ಸಾಲಿಕ್ ಆಸಿಡ್‌ಗೆ ಹೋಯಿತು, ಕಿಲೋಗೆ ಇನ್ನೂರೋ ಇನ್ನೂರೈವತ್ತೋ ಕೊಟ್ಟ ನೆನಪು. ಬೋರ್ ನೀರು ಮಾತ್ರ ಬೇಡ, ಅದರ ಸುಣ್ಣದ ಅಂಶ ಸೇರಿ ಕಲ್ಲಿಗೆ ಬಿಳಿ ಪುಡಿ ಅಂಟುತ್ತದೆ. ಆರ್‌ಒ ನೀರೇ ಸರಿ. ಆಕ್ಸಾಲಿಕ್ ಆಸಿಡ್ ವಿಷ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮುಚ್ಚಿಡಿ, ಮಕ್ಕಳ ಕೈಗೆ ಸಿಗಬಾರದು. ಎಷ್ಟು ನೀರಿಗೆ ಎಷ್ಟು ಪುಡಿ, ಅದನ್ನು ಮಾತ್ರ ನಾನು ಹೇಳುವುದಿಲ್ಲ.