ದರೋಜಿ ಕರಡಿಯ ಟ್ರಿಮ್ಮರ್ ಕಥೆ

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಇಸ್ತ್ರಿ ಮಾಡುವವನು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಬಿಸಿಲು, ಒಳಗೆ ಇಸ್ತ್ರಿಪೆಟ್ಟಿಗೆಯ ಹಬೆ, ಬೆಳಿಗ್ಗೆ ಹತ್ತು ಗಂಟೆಗೆಲ್ಲ ಬನಿಯನ್ ಹಿಂಡಿದರೆ ನೀರು ಸುರಿಯುತ್ತೆ. ಮೈತುಂಬ ಕೂದಲು ನನಗೆ, ಬೆನ್ನ ಮೇಲೂ ಇದೆ. ಯೂನಿಟ್‌ನಲ್ಲಿ ಎಲ್ಲರೂ ಕರೆಯೋದು ‘ದರೋಜಿ’ ಅಂತ. ನಮ್ಮ ಕಡೆಯ ದರೋಜಿ ಊರಲ್ಲಿ ಕರಡಿಧಾಮ ಇದೆಯಲ್ಲ, ಅದಕ್ಕೆ.

ಹೆಸರಿಗೆ ಬೇಜಾರಿರಲಿಲ್ಲ. ಕಾಡಿದ್ದು ಕಂಕುಳ ವಾಸನೆ. ಬೆವರು ತಾನಾಗಿ ಅಷ್ಟು ನಾರಲ್ಲ, ಚರ್ಮದ ಮೇಲಿರುವ ಬ್ಯಾಕ್ಟೀರಿಯಾ ಅದನ್ನು ನಾರಿಸುತ್ತವೆ. ಕೂದಲು ದಟ್ಟವಾಗಿದ್ದರೆ ಆ ಬೆವರು ಅಲ್ಲೇ ಕೂತಿರುತ್ತೆ, ಸೋಪು ಬುಡಕ್ಕೆ ಇಳಿಯೋದೂ ಕಷ್ಟ.

ಮೊದಲ ಸಲ ಗಡ್ಡದ ರೇಜರನ್ನೇ ತಗೊಂಡು ಕಂಕುಳು, ತೊಡೆಸಂದಿ ಎರಡೂ ನುಣ್ಣಗೆ ಮಾಡಿದೆ, ಅದೂ ಕೆಳಗಿಂದ ಮೇಲಕ್ಕೆ, ಕೂದಲಿಗೆ ಎದುರಾಗಿ. ಮಾರನೇ ದಿನ ಮೇಜಿನ ಮುಂದೆ ನಿಂತು ಕೈ ಎತ್ತಿದಾಗಲೆಲ್ಲ ಗಾಯಕ್ಕೆ ಉಪ್ಪು ಸವರಿದ ಹಾಗೆ ಉರಿ. ನಾಲ್ಕು ದಿನ ಬಿಟ್ಟು ಮೊಳಕೆ ಕೂದಲು ಚುಚ್ಚೋಕೆ ಶುರು, ಕೆಲವು ಹೊರಗೆ ಬರದೆ ಚರ್ಮದೊಳಗೇ ಸುತ್ತಿಕೊಂಡು ಕೆಂಪು ಗುಳ್ಳೆಯಾದವು. ಬೋಳಿಸಿದರೆ ದಪ್ಪ ಬೆಳೆಯುತ್ತೆ ಅಂತ ಎಲ್ಲರೂ ಹೆದರಿಸಿದ್ರು, ಅದು ಮಾತ್ರ ಸುಳ್ಳು. ತುದಿ ಮೊಂಡಾಗಿರೋದರಿಂದ ಹಾಗೆ ಅನಿಸುತ್ತೆ, ಅಷ್ಟೇ.

ಆಮೇಲೆ ಎದೆಗೆ ಕೂದಲು ತೆಗೆಯುವ ಕ್ರೀಮ್. ಹಚ್ಚಿಕೊಂಡು ನಿಂತಾಗಲೇ ಅಣ್ಣನ ಫೋನ್, ಊರಿನ ಹೊಲದ ಮಾತು, ಟ್ಯೂಬ್ ಮೇಲೆ ಬರೆದ ಹೊತ್ತು ಯಾವಾಗಲೋ ಮುಗಿದಿತ್ತು. ತೊಳೆದಾಗ ಎದೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ. ಕ್ರೀಮೇ ಬೇಕು ಅನ್ನೋರು ಮೊದಲು ಒಂದು ಚುಕ್ಕೆ ಕೈಗೆ ಹಚ್ಚಿ ಒಂದು ದಿನ ನೋಡಿ. ಗುಪ್ತಾಂಗದ ಹತ್ತಿರ ಬೇಡವೇ ಬೇಡ.

ಈಗ ಟ್ರಿಮ್ಮರ್ ಒಂದೇ. ಮಂಗಳವಾರ, ಶುಕ್ರವಾರ ಕತ್ತರಿ ಮುಟ್ಟಿದರೆ ಅವ್ವ ಬೈತಾಳೆ, ಹಾಗಾಗಿ ಭಾನುವಾರ, ಸ್ನಾನಕ್ಕೆ ಮುಂಚೆ, ಮೈ ಒಣಗಿರುವಾಗ. ಒದ್ದೆ ಕೂದಲು ಮೆತ್ತಿಕೊಂಡು ಯಂತ್ರ ಎಳೆಯುತ್ತೆ. ಕೆಳಗೆ ಹಳೇ ಪೇಪರ್ ಹಾಸಲೇಬೇಕು. ಮೊದಲ ಸಲ ಹಾಸದೆ ಬಚ್ಚಲು ಕಟ್ಟಿಕೊಂಡು ನೀರು ನಿಂತಾಗ ನನ್ನ ಹೆಂಡತಿ, “ಏನ್ರೀ ಇದು, ಕುರಿ ಉಣ್ಣೆ ಕತ್ತರಿಸಿದಂಗೈತಲ್ಲ!” ಅಂದಿದ್ಲು. ಬೆನ್ನಿಗೆ ಈಗ ಅವಳೇ ಟ್ರಿಮ್ಮರ್ ಹಿಡಿಯೋದು, ಬೈಕೊಂತಾನೇ.

ಬ್ಲೇಡ್ ಚರ್ಮಕ್ಕೆ ತಾಗದಂತೆ ಟ್ರಿಮ್ಮರ್ ತುದಿಗೆ ಸಿಕ್ಕಿಸೋ ಬಾಚಣಿಗೆ ಇರುತ್ತಲ್ಲ, ಎದೆಗೆ 5 ಮಿಲಿಮೀಟರಿನದು ಹಾಕುತ್ತೇನೆ, ಕಂಕುಳಿಗೆ 3. ಕೈ ತಲೆ ಹಿಂದಕ್ಕೆ ಎತ್ತಿ ಚರ್ಮ ಬಿಗಿ ಮಾಡಿಕೊಂಡು ನಿಧಾನ. ಕಂಕುಳಲ್ಲಿ ಕೂದಲು ನಾಲ್ಕೂ ದಿಕ್ಕಿಗೆ ಬೆಳೆದಿರುತ್ತೆ, ಒಂದೇ ಕಡೆ ಎಳೆದರೆ ಅರ್ಧ ಹಾಗೇ ಉಳಿಯುತ್ತೆ. ತೊಡೆಸಂದಿಯಲ್ಲಿ ಆ ಬಾಚಣಿಗೆ ಯಾವ ಕಾರಣಕ್ಕೂ ಬಿಚ್ಚಬೇಡಿ. ಅಲ್ಲಿನ ಸಡಿಲ ಚರ್ಮ ಬ್ಲೇಡಿಗೆ ಸಿಕ್ಕರೆ ಏನಾಗುತ್ತೆ ಅಂತ ನಾನು ಬರೆಯಲ್ಲ, ನೀವೇ ಊಹಿಸಿ. ಗಡ್ಡದ ಟ್ರಿಮ್ಮರ್ ಬೇರೆ, ಇದು ಬೇರೆ.

ಇನ್ನೊಂದು ಮಾತು. ತುರಿಕೆ ಬಂದು ಅಂಚು ಕೆಂಪಗೆ ಉಂಗುರದ ಹಾಗೆ ಹರಡುತ್ತಿದ್ದರೆ ಅದು ಕೂದಲಿನ ತಂಟೆ ಅಲ್ಲ, ಹೆಚ್ಚಾಗಿ ಹುಳುಕಡ್ಡಿ. ನನಗೂ ಆಗಿತ್ತು. ಮೆಡಿಕಲ್ ಶಾಪ್‌ನವರು ಕೊಟ್ಟ ಟ್ಯೂಬ್ ಹಚ್ಚಿದೆ, ಎರಡು ದಿನ ಹಾಯಾಗಿತ್ತು, ಬಿಟ್ಟ ಕೂಡಲೇ ತೊಡೆ ತುಂಬ ಹರಡಿತು. ಅದರಲ್ಲಿ ತುರಿಕೆ ಅಡಗಿಸಿ ಒಳಗೇ ಸೋಂಕು ಬೆಳೆಸುವ ಸ್ಟಿರಾಯ್ಡ್ ಬೆರೆತಿತ್ತು ಅಂತ ಚರ್ಮದ ಡಾಕ್ಟರ್ ಹೇಳಿದ ಮೇಲೇ ಗೊತ್ತಾಗಿದ್ದು. ಅವರ ಔಷಧಿಯನ್ನು ವಾರಗಟ್ಟಲೆ ಬಿಡದೆ ಹಚ್ಚಿದೆ, ಟವೆಲ್ ಬೇರೆ ಇಟ್ಟುಕೊಂಡೆ, ಒಳಬಟ್ಟೆ ಬಿಸಿಲಿಗೆ ಹಾಕಿದೆ. ಬಿಸಿಲಿಗೇನು ಬರವೇ ನಮ್ಮಲ್ಲಿ?

ಡಾಕ್ಟರ್ ಬಿಗಿ ಬಟ್ಟೆಯನ್ನೂ ಬಿಡಿಸಿದ್ರು. ದಿನಕ್ಕೆ ನೂರಾರು ಜೀನ್ಸ್ ಇಸ್ತ್ರಿ ಮಾಡೋ ನಾನು ಬೇಸಿಗೆ ಪೂರ್ತಿ ಸಡಿಲ ಕಾಟನ್ ಪ್ಯಾಂಟಿನಲ್ಲೇ ಯೂನಿಟ್‌ಗೆ ಹೋಗ್ತೀನಿ.