ತಂಡ ಕೆಲಸಕ್ಕಿಳಿಯುವ ಮುನ್ನ ಎಲ್ಲರೂ ಒಮ್ಮೆ ಮಾತಾಡಲಿ

ಹೊಸದಾಗಿ ಕೂಡಿದ ತಂಡ ಕೆಲಸ ಆರಂಭಿಸುವ ಮುನ್ನ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಆ ದಿನದ ಹೊಣೆಯನ್ನೂ ಎಲ್ಲರಿಗೂ ಕೇಳುವಂತೆ ಹೇಳಲಿ, ಅದೂ ಅತಿ ಕಿರಿಯರಿಂದಲೇ ಮೊದಲಾಗಲಿ. ಒಮ್ಮೆ ಮಾತಾಡಿದವರಿಗೆ ಮುಂದೆ ತಪ್ಪೊಂದು ಕಣ್ಣಿಗೆ ಬಿದ್ದಾಗ ಹಿರಿಯರ ಎದುರೂ ಅದನ್ನು ಹೇಳುವ ಸಂಕೋಚ ಕಡಿಮೆಯಾಗುತ್ತದೆ. ಹೆಸರು ತಿಳಿದಿದ್ದರೆ ಅವಸರದಲ್ಲಿ ನೆರವು ಕೇಳುವುದೂ ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಈ ಪರಿಚಯವೂ ಒಂದು ಅಂಶ. ದೆಹಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಪಟ್ಟಿಯನ್ನು ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು (ಅದರ ಶ್ರೇಯಸ್ಸು ಪರಿಚಯವೊಂದಕ್ಕೇ ಸಲ್ಲದು, ನಿಜ). ಆದರೆ ಅದೇ ಪಟ್ಟಿಯನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವ್ಯಾಪಕವಾಗಿ ಜಾರಿಗೆ ತಂದಾಗ ಸಾವಿನ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಮುಖ್ಯಸ್ಥರು ಫೋನ್ ನೋಡುತ್ತಾ ನಿಂತರೆ, ಅಥವಾ ಕಿರಿಯರು ಎತ್ತಿದ ಮೊದಲ ಪ್ರಶ್ನೆಯನ್ನೇ ತಳ್ಳಿಹಾಕಿದರೆ, ಈ ಕ್ರಮದಿಂದ ಏನೂ ಪ್ರಯೋಜನವಾಗದು ಎಂಬುದು ನನ್ನ ದೃಢ ಅಭಿಪ್ರಾಯ. ಕ್ರಿಕೆಟ್ ಕ್ಲಬ್ಬಿನಲ್ಲಾಗಲಿ ಕಚೇರಿಯಲ್ಲಾಗಲಿ, ವರ್ಷಗಳಿಂದ ಒಟ್ಟಿಗಿರುವ ತಂಡದಲ್ಲಿ ಹೆಸರು ಹೇಳಿಸುವುದು ಬರೀ ಶಾಸ್ತ್ರವಾಗುತ್ತದೆ; ಅಲ್ಲಿ ಅದರ ಬದಲು, ಇಂದಿನ ಕೆಲಸದಲ್ಲಿ ಎಲ್ಲಿ ಎಡವಟ್ಟಾಗಬಹುದೆಂದು ಪ್ರತಿಯೊಬ್ಬರಿಂದಲೂ ಒಂದು ವಾಕ್ಯ ಕೇಳಿ.